ರವಿವಾರ ಮಾತ್ರ ಮುಷ್ಕರ ಹೂಡುವ ಪ್ರಿಂಟರ್



ರವಿವಾರ ರಾತ್ರಿ ಎಂಟೂವರೆ ಎಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಒಳಗೆ ಒಂದು ಟೇಬಲೂ ಖಾಲಿಯಿಲ್ಲ, ಹೊರಗೆ ಹೆಸರು ಬರೆಸಿ ಕಾದು ನಿಂತವರು, ಪಾರ್ಸೆಲ್ ಕೌಂಟರಿನಲ್ಲಿ ಗದ್ದಲ. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಅಡುಗೆಮನೆಯ ಕೆ.ಓ.ಟಿ. ಪ್ರಿಂಟರ್ ಸುಮ್ಮನಾಗುತ್ತಿತ್ತು. ಸೋಮವಾರ ಬೆಳಿಗ್ಗೆ ನೋಡಿದರೆ ಎಲ್ಲ ಸರಿ. ಹೀಗೆ ಎರಡು ತಿಂಗಳು ನಡೆಯಿತು.

ಒಂದು ರವಿವಾರ ಏಳನೇ ಟೇಬಲಿನವರು ಮಸಾಲೆ ದೋಸೆಗೆ ಅರ್ಧ ಗಂಟೆ ಕಾದು, ಎದ್ದು ಗಲ್ಲಾದ ಬಳಿ ಬಂದು ಜಗಳ ತೆಗೆದರು. ವೈಟರ್ ಹುಡುಗ "ನಾನು ಆರ್ಡರ್ ಹಾಕಿದ್ದೇನೆ" ಎಂದ. ದೋಸೆ ಭಟ್ಟರು "ನನಗೆ ಚೀಟಿಯೇ ಬಂದಿಲ್ಲ" ಎಂದರು. ಗಿರಾಕಿಗಳ ಎದುರಿನಲ್ಲೇ ನಾನು ಹುಡುಗನಿಗೆ ಬೈದೆ. ರಾತ್ರಿ ಹತ್ತೂವರೆಗೆ ಜನ ಇಳಿದ ಮೇಲೆ ಅದೇ ಪ್ರಿಂಟರ್ ತಾನಾಗಿ ಬಡಬಡನೆ ಹನ್ನೊಂದು ಚೀಟಿ ಹೊರಗೆ ಹಾಕಿತು. ಏಳನೇ ಟೇಬಲಿನ ಮಸಾಲೆ ದೋಸೆಯೂ ಅದರಲ್ಲಿತ್ತು. ಹುಡುಗ ಸುಳ್ಳು ಹೇಳಿರಲಿಲ್ಲ. ಹೊಸ ಆರ್ಡರ್ ಎಂದುಕೊಂಡು ಭಟ್ಟರು ಅಷ್ಟರಲ್ಲಿ ಎರಡು ದೋಸೆ ಹೊಯ್ದೂ ಆಗಿತ್ತು.

ಪ್ರಿಂಟರ್ ಬದಲಾಯಿಸಿದೆವು, ಹೊಸ ಕೇಬಲ್ ಎಳೆಸಿದೆವು. ದುಡ್ಡು ಹೋಯಿತು, ರೋಗ ಹೋಗಲಿಲ್ಲ. ಕೊನೆಗೆ ಕಾರಣ ಸಿಕ್ಕಿತು. ನಿಮ್ಮಲ್ಲಿ ಯಾರಿಗಾದರೂ ಇದೇ ಪಾಡು ಬಂದರೆ ಉಪಯೋಗವಾಗಲಿ ಎಂದು ನಾನು ಕಲಿತದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲು ಪ್ರಿಂಟರ್, ಕೊನೆಗೆ ಕಂಪ್ಯೂಟರ್

ಪ್ರಿಂಟರ್ ನಿಂತ ಕೂಡಲೇ ನಾವು ಮಾಡುವ ತಪ್ಪೆಂದರೆ ಗಲ್ಲಾದ ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡುವುದು. ಬಿಲ್ಲಿಂಗೂ ನಿಲ್ಲುತ್ತದೆ, ಕಾರಣವೂ ತಿಳಿಯುವುದಿಲ್ಲ. ಅದರ ಬದಲು ಅಡುಗೆಮನೆಯಿಂದಲೇ ಶುರುಮಾಡಿ.

ಒಂದು: ಪ್ರಿಂಟರ್ ಆಫ್ ಮಾಡಿ, ಕಾಗದ ಮುಂದೂಡುವ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಆನ್ ಮಾಡಿ. ಹೆಚ್ಚಿನ ಥರ್ಮಲ್ ಪ್ರಿಂಟರುಗಳು ಪರೀಕ್ಷೆಯ ಚೀಟಿ ಮುದ್ರಿಸುತ್ತವೆ. ಅದು ಬಂದರೆ ಯಂತ್ರ ಸರಿಯಿದೆ ಎಂದರ್ಥ. ಕಾಗದ ಖಾಲಿಯಾಗಿಯೇ ಹೊರಬಂದರೆ ರೋಲ್ ತಿರುಗುಮುರುಗಾಗಿರಬಹುದು. ಈ ಕಾಗದಕ್ಕೆ ಸಾಮಾನ್ಯವಾಗಿ ಒಂದೇ ಬದಿಗೆ ಲೇಪವಿರುತ್ತದೆ; ಉಗುರಿನಿಂದ ಗೀರಿದರೆ ಕಪ್ಪಾಗುವ ಬದಿಯೇ ಮುದ್ರಣದ ಬದಿ.

ಎರಡು: ನೆಟ್‌ವರ್ಕ್ ಕೇಬಲ್ ಸೇರುವಲ್ಲಿ ಸಣ್ಣ ದೀಪ ಉರಿಯುತ್ತಿದೆಯೇ ನೋಡಿ. ಉರಿಯದಿದ್ದರೆ ಕೇಬಲ್, ರೌಟರ್ ಅಥವಾ ನಡುವಿನ ಸ್ವಿಚ್ ಬಾಕ್ಸಿನಲ್ಲಿ ದೋಷವಿದೆ. ಒಲೆಯ ಬಿಸಿ, ಎಣ್ಣೆಯ ಜಿಡ್ಡು, ಇಲಿ ಈ ಮೂರರಿಂದಲೂ ಕೇಬಲನ್ನು ದೂರವಿಡಬೇಕು.

ಮೂರು: ಪರೀಕ್ಷೆಯ ಚೀಟಿಯಲ್ಲಿ 192.168.1.105 ಎಂಬಂತಹ ಒಂದು ಸಂಖ್ಯೆ ಇರುತ್ತದೆ. ಅದು ಪ್ರಿಂಟರಿನ ವಿಳಾಸ, ಅಂದರೆ ಐಪಿ ಅಡ್ರೆಸ್. ಕಂಪ್ಯೂಟರಿನಲ್ಲಿ ಬರೆದಿಟ್ಟ ವಿಳಾಸವೂ ಅದೇ ಆಗಿರಬೇಕು. ಇಂಟರ್‌ನೆಟ್‌ನವರು ಬಂದು ರೌಟರ್ ಬದಲಾಯಿಸಿ ಹೋದ ದಿನ ಪ್ರಿಂಟರ್ ನಿಂತರೆ ಇಲ್ಲೇ ನೋಡಿ. ಹೊಸ ರೌಟರ್ 192.168.0 ಎಂದು ಶುರುವಾಗುವ ವಿಳಾಸ ಹಂಚುತ್ತಿದ್ದರೆ, 192.168.1ರಲ್ಲೇ ಉಳಿದ ಪ್ರಿಂಟರ್ ಅದಕ್ಕೆ ಬೇರೆ ಊರು.

ನಾಲ್ಕು: ಕಂಪ್ಯೂಟರಿನ ಕಮಾಂಡ್ ಕಿಟಕಿಯಲ್ಲಿ ಪಿಂಗ್ ಎಂದು ಇಂಗ್ಲಿಷಿನಲ್ಲಿ ಬರೆದು, ಆ ವಿಳಾಸ ಹಾಕಿ ನೋಡಿ. ಉತ್ತರ ಬಂದರೆ ದಾರಿ ಸರಿಯಿದೆ ಎನ್ನುತ್ತಾರೆ. ನಮ್ಮಲ್ಲಿ ಉತ್ತರ ಬರುತ್ತಿತ್ತು, ಚೀಟಿ ಮಾತ್ರ ಬರುತ್ತಿರಲಿಲ್ಲ. ಪರಿಚಯದ ಹುಡುಗನೊಬ್ಬ ಪ್ರಿಂಟರಿನ ಸ್ವಿಚ್ ಆಫ್ ಮಾಡಿಸಿ ಮತ್ತೆ ಪಿಂಗ್ ಮಾಡಿದ. ಆಗಲೂ ಉತ್ತರ ಬಂತು! ಅಂದರೆ ನಮ್ಮ ಪ್ರಿಂಟರಿನ ವಿಳಾಸದಲ್ಲಿ ಬೇರೆ ಯಾರೋ ಕುಳಿತಿದ್ದರು.

ಯಾರು ಆ ಬೇರೆಯವರು?

ಗಿರಾಕಿಯ ಮೊಬೈಲ್. ಮೇಲಿನ ಎ.ಸಿ. ಹಾಲಿನಲ್ಲಿ ನಾವು ಪುಕ್ಕಟೆ ವೈಫೈ ಇಟ್ಟಿದ್ದೆವು. ಪಾಸ್‌ವರ್ಡನ್ನು ಗೋಡೆಗೇ ಅಂಟಿಸಿದ್ದೆವು. ಬಿಲ್ಲಿಂಗಿಗೂ ಗಿರಾಕಿಗೂ ಒಂದೇ ರೌಟರ್, ಅದೂ ಮನೆಗೆ ಕೊಡುವಂಥದ್ದು. ಒಳಗೆ ಬಂದ ಪ್ರತಿ ಮೊಬೈಲಿಗೂ ರೌಟರ್ ತನ್ನ ಪಟ್ಟಿಯಿಂದ ಒಂದು ವಿಳಾಸ ಕೊಡುತ್ತದೆ. ನಮ್ಮ ರೌಟರಿನ ಪಟ್ಟಿ 100ರಿಂದ 199ರವರೆಗೆ. ಪ್ರಿಂಟರಿಗೆ ನಾವು ಕೈಯಾರೆ ಹಾಕಿದ 105 ಅದರ ಒಳಗೇ ಇತ್ತು. ನಾವು ಹಾಕಿದ್ದು ರೌಟರಿಗೆ ಹೇಗೆ ಗೊತ್ತಾಗಬೇಕು? ವಾರದ ದಿನ ಜನ ಕಡಿಮೆ, 105ರ ಸರದಿ ಬರುತ್ತಿರಲಿಲ್ಲ. ರವಿವಾರ ಹಾಲ್ ತುಂಬಿದಾಗ ಯಾರದೋ ಮೊಬೈಲಿಗೆ ಅದು ಹೋಗುತ್ತಿತ್ತು. ಅವರು ಊಟ ಮುಗಿಸಿ ಎದ್ದು ಹೋದ ಮೇಲೆ ಬಾಕಿ ಚೀಟಿಗಳೆಲ್ಲ ಒಟ್ಟಿಗೆ ಬರುತ್ತಿದ್ದವು. ವ್ಯಾಪಾರ ಜೋರಾದಷ್ಟೂ ಪ್ರಿಂಟರ್ ಕೈಕೊಡುತ್ತಿದ್ದುದರ ಗುಟ್ಟು ಇದು.

ಶಾಶ್ವತ ಪರಿಹಾರ

ಪ್ರಿಂಟರಿನ ವಿಳಾಸವನ್ನು ರೌಟರಿನ ಪಟ್ಟಿಯ ಹೊರಗೆ ಇಡಿ. ನಾವು 192.168.1.50 ಮಾಡಿ, ಕಂಪ್ಯೂಟರಿನಲ್ಲೂ ಅದನ್ನೇ ಬರೆದೆವು. ಇಲ್ಲವಾದರೆ ರೌಟರಿನಲ್ಲೇ ಆ ಪ್ರಿಂಟರಿಗೆ ಒಂದು ವಿಳಾಸ ಕಾದಿರಿಸಬಹುದು. ಗಿರಾಕಿಗಳಿಗೆ ರೌಟರಿನ ಗೆಸ್ಟ್ ನೆಟ್‌ವರ್ಕ್ ತೆರೆದು ಕೊಡಿ. ಅದನ್ನು ಪ್ರತ್ಯೇಕವಾಗಿಟ್ಟರೆ ಬಿಲ್ಲಿಂಗ್ ಕಂಪ್ಯೂಟರಿಗೂ ಅದು ಕ್ಷೇಮ. ಆದರೆ ಆರ್ಡರ್ ತೆಗೆಯುವ ವೈಟರುಗಳ ಮೊಬೈಲ್ ಒಳಗಿನ ನೆಟ್‌ವರ್ಕಿನಲ್ಲೇ ಇರಬೇಕು.

ಕೆಲವರಲ್ಲಿ ಪ್ರಿಂಟರನ್ನು ಯು.ಎಸ್.ಬಿ.ಯಿಂದ ಒಂದು ಕಂಪ್ಯೂಟರಿಗೆ ಜೋಡಿಸಿ, ವಿಂಡೋಸ್ ಮೂಲಕ ಉಳಿದವಕ್ಕೆ ಹಂಚಿರುತ್ತಾರೆ. ಆ ಮೊದಲ ಕಂಪ್ಯೂಟರ್ ನಿದ್ದೆಹೋದರೆ ಎಲ್ಲರ ಪ್ರಿಂಟರೂ ನಿದ್ದೆಹೋಯಿತು. ಅದರ ಸ್ಲೀಪ್ ಸೆಟ್ಟಿಂಗ್ ತೆಗೆದುಹಾಕಿ. 2021ರಲ್ಲಿ ವಿಂಡೋಸಿನ ಮುದ್ರಣ ವ್ಯವಸ್ಥೆಯಲ್ಲಿ ದೊಡ್ಡ ಭದ್ರತಾ ಲೋಪ ಸಿಕ್ಕಿತು. ಅದಕ್ಕಾಗಿ ಬಂದ ಅಪ್‌ಡೇಟುಗಳ ನಂತರ, ಆ ವರ್ಷದ ಸೆಪ್ಟೆಂಬರಿನಿಂದ ಹಲವು ಕಡೆ ಹಂಚಿಕೆಯ ಪ್ರಿಂಟರುಗಳು ನಿಂತವು. ಹೆದರಿ ಅಪ್‌ಡೇಟನ್ನೇ ನಿಲ್ಲಿಸಬೇಡಿ. ಎಲ್ಲ ಕಂಪ್ಯೂಟರಿಗೂ ಒಟ್ಟಿಗೆ ಹಾಕಿಸಿ. ವಿಂಡೋಸ್ 10ಕ್ಕೆ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದೂ ನೆನಪಿರಲಿ. ಹೊಸದಾಗಿ ಕೊಳ್ಳುವವರು ನೇರವಾಗಿ ನೆಟ್‌ವರ್ಕಿಗೆ ಸೇರುವ ಪ್ರಿಂಟರನ್ನೇ ತೆಗೆದುಕೊಂಡರೆ ಈ ಹಂಚಿಕೆಯ ಗೊಡವೆಯೇ ಇರುವುದಿಲ್ಲ.

ಕಾರ್ಬನ್ ಪುಸ್ತಕ ಬಿಡಬೇಡಿ

ಚೀಟಿ ಬರಲಿಲ್ಲವೆಂದು ಮತ್ತೆ ಮತ್ತೆ ಪ್ರಿಂಟ್ ಒತ್ತಬೇಡಿ. ಒತ್ತಿದಷ್ಟೂ ಸರದಿಯಲ್ಲಿ ನಿಂತಿರುತ್ತವೆ, ಪ್ರಿಂಟರ್ ಎಚ್ಚರವಾದಾಗ ಎರಡೆರಡು ಪ್ಲೇಟ್ ತಯಾರಾಗುತ್ತದೆ. ಬಾಕಿ ಸರದಿಯನ್ನು ಮೊದಲು ರದ್ದು ಮಾಡಿ, ಆಮೇಲೆ ಪ್ರಿಂಟರ್ ಜೋಡಿಸಿ. ಅಲ್ಲಿಯವರೆಗೆ ಹಳೆಯ ಕಾರ್ಬನ್ ಕೆ.ಓ.ಟಿ. ಪುಸ್ತಕ ಇದ್ದೇ ಇದೆ. ಎರಡು ಪುಸ್ತಕ, ನಾಲ್ಕು ಪೆನ್ನು ಗಲ್ಲಾದ ಡ್ರಾಯರಿನಲ್ಲಿ ಸದಾ ಇರಲಿ. ಪ್ರಿಂಟರಿನ ವಿಳಾಸ ಮತ್ತು ಮೇಲಿನ ನಾಲ್ಕು ಪರೀಕ್ಷೆಗಳನ್ನು ಒಂದು ಹಾಳೆಯಲ್ಲಿ ಬರೆದು ಗಲ್ಲಾದ ಬಳಿ ಅಂಟಿಸಿ. ನೀವು ಊರಿಗೆ ಹೋದಾಗಲೂ ಮ್ಯಾನೇಜರಿಗೆ ಅದು ಸಾಕು.

ಮರುದಿನ ಬೆಳಿಗ್ಗೆ ಎಲ್ಲರೂ ಚಾ ಕುಡಿಯುವ ಹೊತ್ತಿಗೆ ಆ ಹುಡುಗನನ್ನು ಕರೆದು, ತಪ್ಪು ನನ್ನದೆಂದು ಎಲ್ಲರ ಎದುರೇ ಹೇಳಿದೆ. ಬೈದದ್ದು ಎದುರಿಗಾದ್ದರಿಂದ ಇದೂ ಎದುರಿಗೇ ಆಗಬೇಕಿತ್ತು. ಚೀಟಿ ಕಾಣೆಯಾದಾಗ ಮೊದಲು ಹುಡುಗನ ಮೇಲೆ ಹಾಯುವ ಬದಲು ಆ ಪರೀಕ್ಷೆಯ ಚೀಟಿ ತೆಗೆದು ನೋಡಿ. ಅದಕ್ಕೆ ಅರ್ಧ ನಿಮಿಷ ಸಾಕು.