ಕೋಲಾರದ ಬಂಡೆಯೂ ಕಡಲಿನ ಕ್ಷೇಮವೂ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳವರಿಗೆ ದೂರದ ಕಡಲಿನ ಚಿಂತೆ ಏತಕ್ಕೆಂದು ವಾಚಕರು ಕೇಳಬಹುದು. ಸಂಬಂಧವುಂಟು, ಅದು ಬಂಡೆಯ ಮೂಲಕ ಬಂದುದು.

ಕೋಲಾರದ ಚಿನ್ನದ ಗಣಿಯು ಚಾಂಪಿಯನ್ ರೀಫಿನಲ್ಲಿ 3 ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದಿದ್ದಿತು. ಅಲ್ಲಿ ಮೇಲಿನ ಭಾರವನ್ನು ತಾಳಲಾರದೆ ಬಂಡೆಯು ಒಮ್ಮೆಲೇ ಸಿಡಿಯುತ್ತಿದ್ದಿತು. ಕೆಳಗಿಳಿದ ಎಷ್ಟೋ ಮಂದಿ ಮನೆಗೆ ಮರಳಲಿಲ್ಲ. ಇದರ ಮರ್ಮವನ್ನರಿಯಲು ಭೂಕಂಪಮಾಪಕಗಳನ್ನಿರಿಸಿ ಶೋಧನೆ ನಡೆಸಿದರು. 1988ರಲ್ಲಿ ಕೇಂದ್ರ ಸರ್ಕಾರವು ಅಲ್ಲಿಯೇ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿತು. 2001ರಲ್ಲಿ ಗಣಿಯ ಕೆಲಸವು ನಿಂತರೂ ಆ ವಿದ್ಯೆಯು ಉಳಿಯಿತು.

ಇಂದು ಕರಾವಳಿಗೆ ಬೇಕಾಗಿರುವುದೂ ಇಂತಹ ಶಿಲಾವಿದ್ಯೆಯೇ. ಮಂಗಳೂರಿನಲ್ಲಿ 15 ಲಕ್ಷ ಟನ್ನು, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ನು ಕಚ್ಚಾ ತೈಲ ಹಿಡಿಸುವ ಗುಹೆಗಳನ್ನು ಬಂಡೆಯಲ್ಲಿ ಕೊರೆದಿರುವರು. ಸುತ್ತಲಿನ ಬಿರುಕುಗಳಲ್ಲಿ ಅಂತರ್ಜಲದ ಒತ್ತಡವನ್ನು ತೈಲದ ಒತ್ತಡಕ್ಕಿಂತ ಮೇಲಾಗಿರಿಸುವರು; ಆದುದರಿಂದ ನೀರು ಒಳಕ್ಕೆ ಜಿನುಗುವುದಲ್ಲದೆ ತೈಲವು ಹೊರಕ್ಕೆ ಸೋರಲಾರದು. ಈ ಏರ್ಪಾಡು ಕೆಟ್ಟರೆ ಬಾವಿಯ ನೀರಿಗೂ ಹೊಳೆಗೂ, ಕಡೆಗೆ ಮೊಗವೀರರ ಅನ್ನವಾದ ಕಡಲಿಗೂ ಅಪಾಯ.

ಬಂಡೆಯನ್ನು ಅರಿಯದೆ ನಂಬಬಾರದೆಂಬ ಪಾಠವನ್ನು ಗಣಿಯ ಮನೆಗಳು ಕಣ್ಣೀರಿನಿಂದ ಕಲಿತವು. ಕರಾವಳಿಯ ಮನೆಗಳಿಗೆ ಅದು ಶೋಧನೆಯಿಂದಲೇ ದೊರೆಯಲಿ.