ಕರೆಂಟಿನ ಕಾರು ತಂದೆವು

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಗೆ ಒಂದು ಕಾರು ಬಂತು. ಸಣ್ಣ ಕಾರು. ಬೇರೆಯವರು ಎರಡು ವರ್ಷ ಓಡಿಸಿ ಮಾರಿದ್ದು. ಸೊಸೈಟಿಯಲ್ಲಿ ಸಾಲ ತೆಗೆದು ನಾವು ಕೊಂಡೆವು. ಅದರ ನಂಬರ್ ಪ್ಲೇಟ್ ಹಸಿರು. ಹಸಿರಿನ ಮೇಲೆ ಬಿಳಿ ಅಕ್ಷರ. ರಸ್ತೆಯಲ್ಲಿ ಹಸಿರು ಪ್ಲೇಟ್ ಕಂಡರೆ ಅದು ಕರೆಂಟಿನ ಗಾಡಿ ಎಂದು ತಿಳಿಯಿರಿ.

ಬೀದರಿನ ನಮ್ಮ ಓಣಿಯ ಹೆಣ್ಣುಮಕ್ಕಳು ಕಾರಿನ ಸುತ್ತ ನಿಂತರು.

"ಅಕ್ಕೋರೆ, ಇದರಾಗ ಎಣ್ಣಿ ಎಲ್ಲಿ ಹಾಕ್ತಾರ?"

"ಎಣ್ಣಿ ಇಲ್ಲವ್ವ. ಇದು ಮೊಬೈಲ್ ಇದ್ದಂಗ. ರಾತ್ರಿ ಚಾರ್ಜಿಗೆ ಹಾಕಬೇಕು. ಮುಂಜಾನೆ ಓಡಿಸಬೇಕು."

"ಬಸ್ಸು ನಮಗ ಪುಕ್ಕಟ ಅದ. ನಿಮಗ್ಯಾಕ ಬೇಕಿತ್ತು ಈ ಸಾಲ?"

ಈ ಮಾತಿಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. 2023ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಅದಕ್ಕಿಂತ ಸೋವಿ ಯಾವ ಕಾರೂ ಆಗದು. ಆದರೆ ಪುಸ್ತಕದ ಗಂಟು ಹೊತ್ತು ಭಾಲ್ಕಿಗೂ ಔರಾದಿಗೂ ಒಂದೇ ದಿನ ಹೋಗಿ ಬರಬೇಕಾದರೆ ಬಸ್ಸು ಕಾಯುವುದರಲ್ಲೇ ಹೊತ್ತು ಹೋಗುತ್ತದೆ.

ಕರೆಂಟಿನ ಕಾರು ನಮ್ಮ ನಾಡಿಗೆ ಹೊಸದಲ್ಲ. 2001ರಲ್ಲೇ ಬೆಂಗಳೂರಿನಲ್ಲಿ ರೇವಾ ಎಂಬ ಪುಟ್ಟ ಕಾರು ಮಾರಾಟಕ್ಕೆ ಬಂತು. ಅದನ್ನು ತಂದವರು ಚೇತನ್ ಮೈನಿ. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿಲೋಮೀಟರ್ ಓಡುತ್ತಿತ್ತು. ದೂರದ ಲಂಡನ್ನಿಗೂ ಹೋಯಿತು. ಆಗ ಅದರಲ್ಲಿ ಇದ್ದದ್ದು ಸೀಸದ ಭಾರವಾದ ಬ್ಯಾಟರಿ. ಈಗಿನ ಕಾರುಗಳಲ್ಲಿ ಇರುವುದು ಲಿಥಿಯಂ ಬ್ಯಾಟರಿ. ನಿಮ್ಮ ಮೊಬೈಲಿನಲ್ಲಿ ಇರುವುದೂ ಅದೇ ಜಾತಿಯದು. ಅದು ಹಗುರ. ಹೆಚ್ಚು ಕರೆಂಟ್ ಹಿಡಿಯುತ್ತದೆ.

ಮೊದಲ ದಿನ ಗುಂಡಿ ಒತ್ತಿದೆವು. ಏನೂ ಸಪ್ಪಳ ಇಲ್ಲ. ಕೆಟ್ಟಿದೆ ಎಂದುಕೊಂಡೆವು. ಮೆಲ್ಲಗೆ ಕಾಲು ಒತ್ತಿದರೆ ಸರಕ್ಕನೆ ಮುಂದೆ ಹೋಯಿತು! ಗೇರ್ ಹಾಕುವ ಕೆಲಸ ಇಲ್ಲ, ಕ್ಲಚ್ ಇಲ್ಲ. ಓಡಿಸುವುದು ಹಗುರ. ಆದರೆ ಸಪ್ಪಳ ಇಲ್ಲದ್ದೇ ಒಂದು ತೊಂದರೆ. ಚೌಬಾರಾದ ಹತ್ತಿರ ಒಬ್ಬ ಅಜ್ಜ ನಮ್ಮ ಮುಂದೆಯೇ ನಿಧಾನ ನಡೆದಿದ್ದರು. ಹಿಂದೆ ಕಾರು ಇದೆ ಎಂದು ಅವರಿಗೆ ಗೊತ್ತೇ ಇಲ್ಲ. ಅಂದಿನಿಂದ ಓಣಿಯಲ್ಲಿ ನಾವು ನಡೆಯುವವರಷ್ಟೇ ನಿಧಾನ ಹೋಗುತ್ತೇವೆ. ನೀವೂ ರಸ್ತೆ ದಾಟುವಾಗ ಕಿವಿಯನ್ನೇ ನಂಬಬೇಡಿ. ಎರಡೂ ಕಡೆ ಕಣ್ಣಿನಿಂದ ನೋಡಿ.

ಈಗ ಲೆಕ್ಕಕ್ಕೆ ಬರೋಣ. ಕಾರಿನ ಮುಂದೆ ಒಂದು ಅಂಕಿ ಕಾಣುತ್ತದೆ. ಬ್ಯಾಟರಿ ತುಂಬಿದ್ದರೆ 100. ಅರ್ಧ ಇದ್ದರೆ 50. ನಮ್ಮ ಬ್ಯಾಟರಿ ತುಂಬಲು 24 ಯೂನಿಟ್ ಕರೆಂಟ್ ಬೇಕು. ಮನೆಯ ದೊಡ್ಡ ಪ್ಲಗ್ಗಿನಿಂದ ತಾಸಿಗೆ ಸುಮಾರು 3 ಯೂನಿಟ್ ಹೋಗುತ್ತದೆ. ಅಂದರೆ ಪೂರ್ತಿ ತುಂಬಲು 8 ತಾಸು, ಒಮ್ಮೊಮ್ಮೆ 9. ಒಂದು ಯೂನಿಟ್ಟಿಗೆ ಕಾರು 7 ಕಿಲೋಮೀಟರ್ ಓಡುತ್ತದೆ. ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿಯಿರಿ. ಆರು ರೂಪಾಯಿಗೆ ಏಳು ಕಿಲೋಮೀಟರ್. ಪೆಟ್ರೋಲ್ ಕಾರಿಗೆ ಇಷ್ಟು ದೂರಕ್ಕೆ ನಲವತ್ತು ರೂಪಾಯಿಯ ಮೇಲೆ ಬೇಕು.

ಆದರೆ ಒಂದು ಮಾತು ನಮಗೆ ತಡವಾಗಿ ತಿಳಿಯಿತು. ಗೃಹಜ್ಯೋತಿ ಯೋಜನೆಯಿಂದ ನಮ್ಮ ಮನೆಗೆ ಸೊನ್ನೆ ಬಿಲ್ಲು ಬರುತ್ತಿತ್ತು. ಆ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಕಾರು ಬಂದ ಮೊದಲ ತಿಂಗಳೇ ದಾಟಿತು. ಬಿಲ್ಲು ನೋಡಿ ಮನೆಯವರು ಸುಮ್ಮನೆ ಕೂತರು.

ಹೊಗೆ ಬರುವುದಿಲ್ಲ ಎಂದು ನಾವು ಹೆಮ್ಮೆಪಡುತ್ತೇವೆ. ಖರೆ, ಕಾರಿನಿಂದ ಬರುವುದಿಲ್ಲ. ಆದರೆ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುತ್ತಾರೆ. ಅಲ್ಲಿ ಹೊಗೆ ಇದ್ದೇ ಇದೆ. ಪಾವಗಡದ ಬಿಸಿಲಿನ ಕರೆಂಟಿಗೆ, ಶರಾವತಿ ನೀರಿನ ಕರೆಂಟಿಗೆ ಹೊಗೆ ಇಲ್ಲ.

ಮೇ ತಿಂಗಳಲ್ಲಿ ಒಂದು ದಿನ ನಾವಿಬ್ಬರೂ ಪುಸ್ತಕ ಹಂಚಲು ಹೊರಟೆವು. ಬೀದರಿನಿಂದ ಭಾಲ್ಕಿ, ಭಾಲ್ಕಿಯಿಂದ ಔರಾದ, ಔರಾದಿನಿಂದ ಮರಳಿ ಬೀದರ. ಒಟ್ಟು ಸುಮಾರು 125 ಕಿಲೋಮೀಟರ್. ಹಿಂದಿನ ರಾತ್ರಿ ಲೈನ್ ಹೋಗಿತ್ತು. ಮುಂಜಾನೆ ನೋಡಿದರೆ ಅಂಕಿ 80ಕ್ಕೇ ನಿಂತಿದೆ. ಮನೆಯವರು, "ನಾಳೆ ಹೋಗೋಣ" ಎಂದರು. ಭಾಲ್ಕಿಯಲ್ಲಿ ಹೆಣ್ಣುಮಕ್ಕಳು ಕಾಯುತ್ತಿದ್ದರು. ಹೊರಟೇಬಿಟ್ಟೆವು.

ಬಿಸಿಲು ಕೆಂಡದಂತೆ. ಎಸಿ ಹಾಕಿದೆವು. ಎಸಿಗೂ ಅದೇ ಬ್ಯಾಟರಿಯ ಕರೆಂಟ್ ಬೇಕಲ್ಲ? ಭಾಲ್ಕಿ ಮುಟ್ಟಿದಾಗ ಅಂಕಿ 54. ಔರಾದ ಮುಟ್ಟಿದಾಗ 27. ಬೀದರಿಗೆ ಇನ್ನೂ ನಲವತ್ತು ಕಿಲೋಮೀಟರಿನ ಮೇಲೆ ಇದೆ. ಕೊನೆಗೆ ಏರು ಬೇರೆ. ನಮ್ಮ ಕೈ ಬೆವೆತವು.

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ, "ನಮ್ಮ ಮನ್ಯಾಗ ಹಾಕ್ರಿ" ಎಂದಳು. ಅವಳ ಮನೆಯ ದೊಡ್ಡ ಪ್ಲಗ್ಗಿಗೆ ವೈರ್ ಹಾಕಿದೆವು. ಕೆಂಪು ದೀಪ ಹತ್ತಿತು. ಕಾರು ಕರೆಂಟ್ ತಗೊಳ್ಳಲಿಲ್ಲ. ತೆಗೆದು ಹಾಕಿದೆವು. ಮತ್ತೆ ಕೆಂಪು.

ಓಣಿಯ ವೈರ್‌ಮನ್ ಬಂದು ನೋಡಿದ. "ಗಾಡಿ ಛಲೋ ಅದ. ಈ ಮನಿಗಿ ಅರ್ಥ್ ಇಲ್ರಿ" ಎಂದ. ಆಗ ಆ ಅಕ್ಕ ಅಂದಳು: "ಅದಕ್ಕೇ ಏನ್ರಿ, ಫ್ರಿಜ್ ಮುಟ್ಟಿದ್ರ ಕೈ ಜುಮ್ ಅಂತದ? ನಮ್ಮ ಹುಡುಗಿ ಬರಿಗಾಲಾಗ ಮುಟ್ಟಿ ಚೀರಿತ್ತು."

ಅರ್ಥ್ ಅಂದರೆ ಏನು? ದೊಡ್ಡ ಪ್ಲಗ್ಗಿನಲ್ಲಿ ಮೂರು ತೂತು ಇರುತ್ತವೆ. ಕೆಳಗಿನ ಎರಡರಲ್ಲಿ ಕರೆಂಟ್ ಬಂದು ಹೋಗುತ್ತದೆ. ಮೇಲಿನ ದಪ್ಪ ತೂತಿನ ತಂತಿ ನೆಲಕ್ಕೆ ಹೋಗಬೇಕು. ಹಿತ್ತಲಲ್ಲಿ ಆಳವಾದ ಗುಂಡಿ ತೋಡಿ, ಕಬ್ಬಿಣದ ಪೈಪ್ ಇಟ್ಟು, ಸುತ್ತ ಇದ್ದಿಲು, ಉಪ್ಪು ತುಂಬುತ್ತಾರೆ. ತಂತಿಯನ್ನು ಅದಕ್ಕೆ ಕಟ್ಟುತ್ತಾರೆ. ಬೇಸಿಗೆಯಲ್ಲಿ ಅಲ್ಲಿ ನೀರು ಹಾಕಬೇಕು. ಫ್ರಿಜ್ಜಿನ ಒಳಗೆ ತಂತಿ ಕೆಟ್ಟು ಕರೆಂಟ್ ತಗಡಿಗೆ ಹತ್ತಿದರೆ, ಅದು ಈ ದಾರಿಯಿಂದ ನೆಲಕ್ಕೆ ಹೋಗುತ್ತದೆ. ಈ ದಾರಿ ಇಲ್ಲದಿದ್ದರೆ, ಮುಟ್ಟಿದವರ ಮೈಯಿಂದ ಹೋಗುತ್ತದೆ. ಜೀವವೂ ಹೋದೀತು. ಕಾರು ಮೊದಲು ಅರ್ಥ್ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಮುನಿಸಿಕೊಂಡು ಕೂಡುತ್ತದೆ. ಫ್ರಿಜ್ಜಿಗೆ ಆ ಬುದ್ಧಿ ಇಲ್ಲ. ಈ ಕೆಲಸ ಮಾತ್ರ ಲೈಸೆನ್ಸ್ ಇದ್ದ ವೈರ್‌ಮನ್ನನಿಂದಲೇ ಮಾಡಿಸಿ.

ಪಕ್ಕದಲ್ಲಿ ಹಿಟ್ಟಿನ ಗಿರಣಿ ಇತ್ತು. ಗಿರಣಿಗೆ ಅರ್ಥ್ ಇದ್ದೇ ಇರುತ್ತದೆ ಎಂದು ವೈರ್‌ಮನ್ ಕರೆದುಕೊಂಡು ಹೋದ. ಹಸಿರು ದೀಪ ಹತ್ತಿತು! ಜೋಳದ ಡಬ್ಬಿಗಳ ನಡುವೆ ಎರಡು ತಾಸು ಕೂತೆವು. ಎರಡು ತಾಸಿಗೆ 6 ಯೂನಿಟ್. ಗಿರಣಿಯವರಿಗೆ 60 ರೂಪಾಯಿ ಕೊಟ್ಟೆವು. ಬೇಡ ಬೇಡ ಎಂದೇ ತಗೊಂಡರು. ಅಂಕಿ 51 ಆಯಿತು.

ಎಸಿ ಬಂದ್ ಮಾಡಿ, ಕಿಟಕಿ ತೆಗೆದು ನಿಧಾನ ಹೊರಟೆವು. ಸಂತಪುರ ದಾಟಿ ಕೌಠಾದ ಮಾಂಜ್ರಾ ಸೇತುವೆಯ ಕಡೆ ಇಳಿಯುವಾಗ ಅಂಕಿ ಕಡಿಮೆಯೇ ಆಗಲಿಲ್ಲ. ಇಳಿಜಾರಿನಲ್ಲಿ ಕಾಲು ತೆಗೆದರೆ ಗಾಲಿಯೇ ಮೋಟರನ್ನು ತಿರುಗಿಸಿ ತುಸು ಕರೆಂಟ್ ಮಾಡುತ್ತದೆ. ಜನವಾಡದ ನಂತರ ಬೀದರಿನ ಏರು. ಅಲ್ಲಿ ಅಂಕಿ ಲಗುಲಗು ಇಳಿಯಿತು. ಮನೆಯವರು ರಸ್ತೆ ಬಿಟ್ಟು ಅಂಕಿಯನ್ನೇ ನೋಡುತ್ತ ಕೂತಿದ್ದರು. ಮನೆ ಮುಟ್ಟಿದಾಗ 22.

ಎರಡು ತಿಂಗಳ ಮೇಲೆ ಮತ್ತೆ ಔರಾದಿಗೆ ಹೋದೆವು. ಆ ಅಕ್ಕನ ಹಿತ್ತಲಲ್ಲಿ ಹೊಸ ಪೈಪ್ ನಿಂತಿತ್ತು. ಕೋಳಿ ಮಾರಿದ ರೊಕ್ಕದಿಂದ ಅರ್ಥ್ ಹಾಕಿಸಿದ್ದಳು. "ಈಗ ಹಾಕ್ರಿ ನಿಮ್ಮ ಗಾಡಿ" ಎಂದಳು. ಹಾಕಿದೆವು. ಹಸಿರು ದೀಪ. ಅವಳು ಒಳಗೆ ಹೋಗಿ ಮೀಟರಿನ ಅಂಕಿ ಪಾಟಿಯ ಮೇಲೆ ಬರೆದಳು. ನಾವು ಹೊರಡುವಾಗ ಮತ್ತೊಮ್ಮೆ ಬರೆದಳು. ಎರಡನೆಯದರಿಂದ ಮೊದಲನೆಯದು ಕಳೆದಳು. ಬೆರಳು ಮಡಚಿ ಗುಣಿಸಿದಳು.

"ನಾಕು ಯೂನಿಟ್ ಆಗ್ಯಾದ ಅಕ್ಕೋರೆ. ಇಪ್ಪತ್ನಾಕು ರೂಪಾಯಿ ಕೊಡ್ರಿ."