ಆರಿಸುವುದೇ ಸ್ವಿಚ್ಚಿನ ಕಷ್ಟ

ಎರಡು ತಂತಿ ಕೂಡಿಸಿದರೆ ದೀಪ ಹತ್ತುತ್ತದೆ, ಬಿಡಿಸಿದರೆ ಆರುತ್ತದೆ ಎಂದು ಶಾಲೆಯಲ್ಲಿ ಕಲಿತವರಿಗೆ ಸ್ವಿಚ್ ಎಂದರೆ ತೀರಾ ಸರಳ ವಸ್ತು. ಕೂಡಿಸುವುದಷ್ಟೇ ಅದರ ಕೆಲಸವಾಗಿದ್ದರೆ ಎರಡು ತಗಡಿನ ಚೂರು ಸಾಕಾಗುತ್ತಿತ್ತು. ಆದರೆ ದಾವಣಗೆರೆಯ ಯಾವುದೇ ಎಲೆಕ್ಟ್ರಿಕಲ್ ಅಂಗಡಿಯಿಂದ ಮಾಮೂಲಿ ಪಿಯಾನೋ ಸ್ವಿಚ್ ತಂದು ಬಿಚ್ಚಿ ನೋಡಿ: ಗುಂಡಿಯ ಹೊಟ್ಟೆಯೊಳಗೆ ಬಿಗಿಯಾದ ಸ್ಪ್ರಿಂಗ್, ಅದು ಒತ್ತಿ ಹಿಡಿದ ಸಣ್ಣ ಕಡ್ಡಿ, ಕಡ್ಡಿಯ ಕೆಳಗೆ ಅತ್ತಿತ್ತ ವಾಲುವ ಲೋಹದ ಪಟ್ಟಿ, ಪಟ್ಟಿಯ ತುದಿಯಲ್ಲಿ ಬೆಳ್ಳಿ ಬೆರೆತ ಪುಟ್ಟ ಬೊಟ್ಟು. ಇಷ್ಟೆಲ್ಲ ಏರ್ಪಾಡು ಮುಖ್ಯವಾಗಿ ಇರುವುದು ದೀಪ ಹೊತ್ತಿಸುವುದಕ್ಕಲ್ಲ, ಆರಿಸುವುದಕ್ಕೆ ಎಂಬುದು ನನ್ನ ವಾದ. ಮನೆಯಾಗಲಿ, ಕಾರಾಗಲಿ, ತೋಟದ ಪಂಪ್‌ಸೆಟ್ಟಾಗಲಿ, ಕರೆಂಟನ್ನು ಕಡಿಯುವುದು ಹೇಗೆ ಎಂಬ ಪ್ರಶ್ನೆಯೇ ಸ್ವಿಚ್ಚಿಗೆ ಅದರ ರೂಪ ಕೊಟ್ಟಿದೆ.

ನಲ್ಲಿಯನ್ನು ನಿಧಾನಕ್ಕೆ ತಿರುಗಿಸಿದರೆ ನೀರೂ ನಿಧಾನಕ್ಕೆ ನಿಲ್ಲುತ್ತದೆ, ನಷ್ಟವೇನಿಲ್ಲ. ಕರೆಂಟು ಹಾಗಲ್ಲ. ಬೊಟ್ಟುಗಳು ಬೇರಾಗುವ ಹೊತ್ತಿಗೆ ಅವು ತಾಗಿಕೊಂಡಿರುವ ಜಾಗ ಸೂಜಿಮೊನೆಯಷ್ಟಕ್ಕೆ ಕುಗ್ಗುತ್ತದೆ. ಇದ್ದಬದ್ದ ಕರೆಂಟೆಲ್ಲ ಅಲ್ಲೇ ನುಗ್ಗುವುದರಿಂದ ಆ ಮೊನೆಯ ಲೋಹ ಕರಗಿ ಆವಿಯಾಗುತ್ತದೆ. ಲೋಹ ಬಿಟ್ಟುಕೊಂಡರೂ ಆ ಕಾದ ಆವಿಯಲ್ಲೇ ಕರೆಂಟು ದಾರಿ ಮಾಡಿಕೊಳ್ಳುತ್ತದೆ. ಕತ್ತಲಲ್ಲಿ ಸ್ವಿಚ್ ಆರಿಸುವಾಗ ಸಂದಿಯಲ್ಲಿ ಮಿಂಚುವ ನೀಲಿ ಕಿಡಿ ಇದೇ. ಅದರ ಶಾಖ ಸಾವಿರಾರು ಡಿಗ್ರಿ. ಬೆರಳು ನಿಧಾನವಾದಷ್ಟೂ ಕಿಡಿ ಹೆಚ್ಚು ಹೊತ್ತು ಉರಿದು ಬೊಟ್ಟನ್ನು ತಿನ್ನುತ್ತದೆ. 1884ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನ ಜಾನ್ ಹೆನ್ರಿ ಹೋಮ್ಸ್ ಪೇಟೆಂಟ್ ಪಡೆದ ಉಪಾಯ ಇದಕ್ಕೆ ಉತ್ತರವಾಯಿತು. ಕಡಿಯುವ ಕೆಲಸವನ್ನು ಬೆರಳಿನಿಂದ ಕಿತ್ತು ಸ್ಪ್ರಿಂಗಿಗೆ ಕೊಡುವುದು ಆ ಉಪಾಯ. ಗುಂಡಿಯನ್ನು ನೀವು ಎಷ್ಟೇ ಮೆಲ್ಲಗೆ ಒತ್ತಿ, ನಡುಮಧ್ಯ ದಾಟುವವರೆಗೆ ಪಟ್ಟಿ ಕದಲುವುದಿಲ್ಲ; ದಾಟಿದ ಕೂಡಲೇ ಸ್ಪ್ರಿಂಗ್ ತನ್ನದೇ ವೇಗದಲ್ಲಿ ಅದನ್ನು ಆಚೆಗೆ ಕೆಡವುತ್ತದೆ. 'ಟಕ್' ಎಂಬ ಸದ್ದು ಅದರದೇ. ಹಾಗಾಗಿ ಸದ್ದು ಮಂಕಾಗಿ ಗುಂಡಿ ನಡುವೆಯೇ ತೂಗಾಡುವ ಸ್ವಿಚ್ಚನ್ನು ಬದಲಿಸುವುದು ಒಳ್ಳೆಯದು.

ಮನೆಯಲ್ಲಿ ಸ್ಪ್ರಿಂಗಿಗೆ ಇನ್ನೊಂದು ಆಸರೆಯೂ ಇದೆ. ಬೆಸ್ಕಾಂ ಕೊಡುವ 230 ವೋಲ್ಟಿನ ಕರೆಂಟು ಎಸಿ. ಸೆಕೆಂಡಿಗೆ 50 ಆವರ್ತ, ಅಂದರೆ 100 ಸಲ ಅದು ತಾನೇ ಸೊನ್ನೆಗಿಳಿಯುತ್ತದೆ. ಸೊನ್ನೆಯಾದಾಗ ಕಿಡಿ ಸಾಯುತ್ತದೆ, ಸಂದು ಸಾಕಷ್ಟು ತೆರೆದಿದ್ದರೆ ಮತ್ತೆ ಹೊತ್ತುವುದಿಲ್ಲ. ಕಾರಿನ ಬ್ಯಾಟರಿಯದು ಡಿಸಿ, ಅಲ್ಲಿ ಈ ಬಿಡುವಿಲ್ಲ. "ಬರೀ 12 ವೋಲ್ಟು, ಅದರಲ್ಲೇನು ಕಿಡಿ?" ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಬೆಳ್ಳಿಯ ಬೊಟ್ಟುಗಳ ನಡುವೆ ಕಿಡಿ ನಿಲ್ಲಲು ಹೆಚ್ಚುಕಡಿಮೆ 12 ವೋಲ್ಟ್ ಬೇಕು, ಆದ್ದರಿಂದ ಕಾರು ಅಂಚಿನಲ್ಲಿದೆ. 24 ವೋಲ್ಟಿನ ಲಾರಿ ಆ ಅಂಚನ್ನೂ ದಾಟಿದೆ. ಆದರೆ ವೋಲ್ಟೇಜ್ ಇಳಿದದ್ದಕ್ಕೆ ಕಾರು ಬೇರೆ ಕಡೆ ತೆರಿಗೆ ಕಟ್ಟುತ್ತದೆ. 100 ವ್ಯಾಟಿನ ದೀಪ ಮನೆಯಲ್ಲಿ ಅರ್ಧ ಆಂಪಿಯರ್ ಕೂಡ ಎಳೆಯುವುದಿಲ್ಲ. ಕಾರಿನಲ್ಲಿ ಅದೇ ವ್ಯಾಟಿಗೆ 8 ಆಂಪಿಯರ್ ಮೀರುತ್ತದೆ. ದಾವಣಗೆರೆಯಿಂದ ಹರಿಹರಕ್ಕೆ ರಾತ್ರಿ ಹೊರಟ ಕಾರಿನ ಎರಡು ಹ್ಯಾಲೋಜನ್ ಹೆಡ್‌ಲೈಟ್‌ಗಳು ಸುಮಾರು 10 ಆಂಪಿಯರ್ ಕುಡಿಯುತ್ತವೆ ಎನ್ನಿ. ಸ್ವಿಚ್ಚು, ತಂತಿ, ಜೋಡಣೆ ಸೇರಿ ಒಂದು ಓಮಿನ ಹತ್ತನೇ ಒಂದು ಭಾಗ ತಡೆ ಇದ್ದರೂ 1 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ, ಬೆಳಕು ಸುಮಾರು ಕಾಲುಭಾಗ ಕುಂದುತ್ತದೆ.

ಅದಕ್ಕೇ ಎಷ್ಟೋ ಕಾರುಗಳಲ್ಲಿ ಸ್ಟಿಯರಿಂಗ್ ಪಕ್ಕದ ಕಡ್ಡಿ ಹೆಡ್‌ಲೈಟಿನ ಕರೆಂಟನ್ನು ಮುಟ್ಟುವುದೇ ಇಲ್ಲ. ಅದು ರಿಲೇ ಎಂಬ ಪುಟ್ಟ ಡಬ್ಬಿಯ ಸುರುಳಿಗೆ ಅತ್ಯಲ್ಪ ಕರೆಂಟು ಕಳಿಸುತ್ತದೆ. ಸುರುಳಿ ಅಯಸ್ಕಾಂತವಾಗಿ ದಪ್ಪ ಬೊಟ್ಟುಗಳನ್ನು ಎಳೆದು ಕೂಡಿಸುತ್ತದೆ. ಕರೆಂಟು ನಿಂತರೆ ಸ್ಪ್ರಿಂಗ್ ಅವನ್ನು ಕಿತ್ತು ಬಿಡಿಸುತ್ತದೆ. ಚನ್ನಗಿರಿ ಕಡೆಯ ಅಡಿಕೆ ತೋಟದ ರೈತರಿಗೆ ಇದು ಹೊಸದಲ್ಲ. ಪಂಪ್‌ಸೆಟ್ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿ ಕೈ ತೆಗೆದರೂ ಮೋಟಾರು ಓಡುತ್ತಿರುತ್ತದೆ, ಕರೆಂಟು ಹೋಗಿ ಬಂದರೆ ಮಾತ್ರ ತಾನಾಗಿ ಚಾಲೂ ಆಗುವುದಿಲ್ಲ. ಒಳಗಿನ ಸುರುಳಿ ಕೈಬಿಟ್ಟಿರುತ್ತದೆ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ದೆಸೆಯಿಂದ ಲೇತ್ ಯಂತ್ರಕ್ಕೆ ಹೆಸರಾದ ಹರಿಹರದಲ್ಲಿ ಈ ಗುಣದ ಬೆಲೆಯನ್ನು ವಿವರಿಸಬೇಕಿಲ್ಲ. ಕೆಲಸಗಾರ ಬಗ್ಗಿ ನೋಡುತ್ತಿರುವಾಗ ಲೇತ್ ತಾನಾಗಿ ತಿರುಗಿದರೆ ಕೈಯೇ ಹೋದೀತು.

ಇನ್ನು ದೊಡ್ಡ ಆಕ್ಷೇಪ. ಈಗಿನ ಎಲ್‌ಇಡಿ ಬಲ್ಬು 9 ವ್ಯಾಟಿನದು, ಅದನ್ನು ಆರಿಸುವುದು ಯಾವ ಮಹಾ ಕೆಲಸ? ಇದರಲ್ಲಿ ಹುರುಳಿದೆ. ಎಲ್‌ಇಡಿಯ ತೊಂದರೆ ಹಾಕುವಾಗಲೇ ಹೆಚ್ಚು: ಅದರೊಳಗಿನ ಕೆಪಾಸಿಟರ್ ತುಂಬಿಕೊಳ್ಳಲು ಕ್ಷಣಮಾತ್ರ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಒಂದೇ ಸ್ವಿಚ್ಚಿಗೆ ಹತ್ತಾರು ದೀಪ ಜೋಡಿಸಿದ ಕಲ್ಯಾಣ ಮಂಟಪದಲ್ಲಿ ಬೊಟ್ಟುಗಳು ಬೆಸೆದುಕೊಳ್ಳಬಹುದು. ಆದರೆ ಬೆಸೆದುಕೊಂಡ ಸ್ವಿಚ್ಚಿನ ದೋಷವೇನು? ಅದು ದೀಪ ಆರಿಸುವುದಿಲ್ಲ. ಹೊಸ ಕಾರುಗಳಲ್ಲಿ ಬೊಟ್ಟೇ ಇಲ್ಲದ ಟ್ರಾನ್ಸಿಸ್ಟರ್ ದೀಪಗಳನ್ನು ಆಳುತ್ತದೆ, ಕಿಡಿಯ ಮಾತೇ ಇಲ್ಲ ಎನ್ನುವವರೂ ಇದ್ದಾರೆ. ದೀಪದ ಮಟ್ಟಿಗೆ ಒಪ್ಪೋಣ. ಅದೇ ವಿದ್ಯುತ್ ಕಾರಿನ 300 ವೋಲ್ಟ್ ಮೀರಿದ ಡಿಸಿ ಬ್ಯಾಟರಿಯನ್ನು ಕಡಿಯಲು ಇಂದಿಗೂ ಬೊಟ್ಟುಗಳೇ ಬೇಕು. ಅಲ್ಲಿ ಅವನ್ನು ಮುಚ್ಚಿದ ಕೋಶದಲ್ಲಿಟ್ಟು, ಪಕ್ಕದ ಅಯಸ್ಕಾಂತದಿಂದ ಕಿಡಿಯನ್ನು ಎಳೆದು ಉದ್ದಮಾಡಿ ನಂದಿಸುತ್ತಾರೆ. ಚಾವಣಿಯ ಸೌರ ಫಲಕಗಳ ಡಿಸಿ ಸಾಲಿಗೆ ಮನೆಯ ಎಸಿ ಸ್ವಿಚ್ ಹಾಕಬಾರದು ಎನ್ನುವುದೂ ಇದೇ ಕಾರಣಕ್ಕೆ.

ಎಲ್ಲಿ ಕಡಿಯಬೇಕು ಎಂಬುದರಲ್ಲೂ ಮನೆಗೂ ಕಾರಿಗೂ ವ್ಯತ್ಯಾಸವಿದೆ. ಎಷ್ಟೋ ಕಾರುಗಳ ಬಾಗಿಲ ಸ್ವಿಚ್ಚು ಒಳದೀಪವನ್ನು ಬಾಡಿಯ ಕಡೆ, ಅಂದರೆ ನೆಗೆಟಿವ್ ಕಡೆ ಕಡಿಯುತ್ತದೆ. 12 ವೋಲ್ಟಿನಲ್ಲಿ ಅದರಿಂದ ಯಾರಿಗೂ ಶಾಕ್ ಹೊಡೆಯುವುದಿಲ್ಲ. ಮನೆಯಲ್ಲಿ ನ್ಯೂಟ್ರಲ್ ಕಡಿದರೆ ದೀಪವೇನೋ ಆರುತ್ತದೆ, ಹೋಲ್ಡರಿನಲ್ಲಿ 230 ವೋಲ್ಟ್ ಹಾಗೇ ಕೂತಿರುತ್ತದೆ. ಬಲ್ಬು ಬದಲಿಸಲು ಸ್ಟೂಲು ಹತ್ತಿದವರಿಗೆ ಅದು ತಿಳಿಯುವುದು ಮುಟ್ಟಿದ ಮೇಲೆ. ಸ್ವಿಚ್ ಕೊಳ್ಳುವಾಗ ಐಎಸ್ 3854 ಸಂಖ್ಯೆಯ ಜೊತೆ ಐಎಸ್‌ಐ ಗುರುತು ನೋಡಿ, ಗೀಸರಿಗೆ 6 ಆಂಪಿಯರಿನದನ್ನು ಹಾಕಿಸಬೇಡಿ. ವೈರಿಂಗ್ ಮುಗಿದ ದಿನ, ಸ್ವಿಚ್ಚಿಗೆ ಬಂದಿರುವುದು ಫೇಸ್ ತಂತಿಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ಪ್ರತಿ ಪಾಯಿಂಟಿಗೂ ಟೆಸ್ಟರ್ ಹಿಡಿಸಿ ನೋಡಿದ ನಂತರವೇ ಹಣ ಕೊಡಿ.